ಕೊಲಂಬೊದಲ್ಲಿ ರಾಜ ನೆಗೆದದ್ದು

ಸಿಂಹಳಕ್ಕೆ ಹೋಗಿಬಂದವನು ಎಂದು ಚನ್ನಪಟ್ಟಣದಲ್ಲಿ ನನಗೊಂದು ಹೆಸರಿದೆ. ಮೇಷ್ಟ್ರಾಗಿದ್ದಾಗ ಭೂಗೋಳದ ಪಾಠ ಬೇಸರ ಬಂದಾಗಲೆಲ್ಲ ಹುಡುಗರು ಆ ಕಥೆ ಹೇಳಿ ಎಂದು ಪೀಡಿಸುತ್ತಿದ್ದರು. ಗಂಡಸರು ತಲೆಗೆ ಬಾಚಣಿಗೆ ಸಿಕ್ಕಿಸಿಕೊಳ್ಳುವ ದೇಶ, ಎಳನೀರು ಕಿತ್ತಳೆಯ ಬಣ್ಣಕ್ಕಿರುವ ದೇಶ, ಮನುಷ್ಯನೇ ಮನುಷ್ಯನನ್ನು ಗಾಡಿಯಲ್ಲಿ ಎಳೆಯುವ ದೇಶ ಎಂದು ಸೊಗಸಾಗಿಯೇ ಹೇಳುತ್ತಿದ್ದೆ. ಒಂದು ಕ್ಲಬ್ಬಿನ ಮೆಟ್ಟಿಲ ತನಕ ಕಥೆಯನ್ನು ತಂದು ಅಲ್ಲಿ ಬಿಟ್ಟುಬಿಡುತ್ತಿದ್ದೆ.

ಮೆಟ್ಟಿಲಿನ ಆಚೆಯದನ್ನು ಬರೆಯಬೇಕು ಎಂದುಕೊಂಡು ಮುಂದೂಡುತ್ತ ಬಂದೆ. ಮೊದಲು ಕೆಲಸ ಹೋದೀತೆಂಬ ಹೆದರಿಕೆ. ಆಮೇಲೆ ಹೆಣ್ಣುಮಕ್ಕಳ ಮದುವೆ. ಆಮೇಲೆ ಕಣ್ಣಿನ ಪೊರೆ. ನೆವಗಳಿಗೆ ಬರವಿರಲಿಲ್ಲ. ಈಗ ನೆವ ಹೇಳಿ ಒಪ್ಪಿಸಬೇಕಾದವರು ಯಾರೂ ಉಳಿದಿಲ್ಲ.

ಚನ್ನಪಟ್ಟಣ

ನಮ್ಮಪ್ಪ ಮಾಗಡಿ ಕಡೆಯವನು, ಕುರಿ ಸಾಕಿ ಬದುಕಿದವನು. ನಾನು ಹೈಸ್ಕೂಲು ಓದಿದ್ದು ಆ ಕಡೆಯ ಒಬ್ಬ ಜೋಡಿದಾರರ ದಯೆಯಿಂದ. ಚನ್ನಪಟ್ಟಣದ ಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿದ್ದೂ ಅವರು ಆಡಿದ ಒಂದು ಮಾತಿನಿಂದ. ಎರಡು ಹಳ್ಳಿಗಳ ಒಡೆಯರಾದ ಅವರಿಗೆ ಚದುರಂಗವೆಂದರೆ ಊಟ ನಿದ್ದೆ ಎರಡೂ ಬೇಡ. ಬೆಂಗಳೂರಿನಿಂದ ಒಂದು ಇಂಗ್ಲಿಷ್ ಪುಸ್ತಕ ತರಿಸಿ, ಇದರಲ್ಲಿ ದೊರೆಗಳ ಆಟ ಹೇಗೆಂದು ಓದಿ ಹೇಳಯ್ಯಾ ಎಂದು ನನ್ನ ಕೈಗೆ ಕೊಟ್ಟಿದ್ದರು. ನಾನು ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೂ ಕಲಿತೆ.

ಆದರೆ ಪುಸ್ತಕ ಓದಿದವನು ನಾನು, ಗೆಲ್ಲುತ್ತಿದ್ದವರು ಉಸ್ತಾದ್. ಚನ್ನಪಟ್ಟಣದಲ್ಲಿ ಎಲ್ಲರೂ ಅವರನ್ನು ಹಾಗೆಂದೇ ಕರೆಯುತ್ತಿದ್ದರು. ಹಾಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಬುಗುರಿ, ಗಿಲಕಿ, ಚದುರಂಗದ ಕಾಯಿ ಮಾಡುವ ಕಸುಬು ಅವರದು. ಸಾಧು ಮನುಷ್ಯ ಎಂದು ತಿಳಿಯಬೇಡಿ. ಕೆಂಪು ಟೋಪಿ, ಅತ್ತರು, ಬಾಯಿ ತುಂಬ ಜಂಬ. ಎದುರಿಗೆ ಕೂತವನನ್ನು ಕಾಯಿಯಿಂದ ಕೊಂದದ್ದಕ್ಕಿಂತ ಮಾತಿನಿಂದ ಕೊಂದದ್ದೇ ಹೆಚ್ಚು. ಜೋಡಿದಾರರ ಜಗಲಿಯಲ್ಲಿ ಒಂದು ಸಲ ನನ್ನನ್ನು ಸೋಲಿಸಿ, ಕೂತಿದ್ದ ಜನರ ಕಡೆ ತಿರುಗಿ, “ಮೇಷ್ಟ್ರು ಆನೆ ನಡೆಸೋದು ಕುರಿ ಅಟ್ಟಿದಂಗೆ ಕಣ್ರಪ್ಪಾ” ಎಂದರು. ಎಲ್ಲರೂ ನಕ್ಕರು. ಜೋಡಿದಾರರೂ ನಕ್ಕರು. ನಾನೂ ನಗಬೇಕಾಯಿತು.

ಕೊಲಂಬೊದಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಿದ್ದ ಒಬ್ಬ ಚೆಟ್ಟಿಯಾರರು ಜೋಡಿದಾರರ ಸ್ನೇಹಿತರು. ಅಲ್ಲಿಯ ದೊರೆಗಳ ಕ್ಲಬ್ಬಿನಲ್ಲಿ ಪಂದ್ಯ ನಡೆಯುತ್ತದೆ, ಈ ಸಲ ನಮ್ಮವರಿಗೂ ಒಂದು ಜಾಗ ಇಟ್ಟಿದ್ದಾರೆ ಎಂದು ಅವರು ಹೇಳಿಕಳಿಸಿದರು. ಹೋಗುವವನು ನಾನೇ ಎಂದುಕೊಂಡಿದ್ದೆ. ಜೋಡಿದಾರರು ಉಸ್ತಾದರನ್ನು ಆರಿಸಿದರು. ನನ್ನನ್ನು ಇಂಗ್ಲಿಷ್ ಮಾತಾಡಲು ಜೊತೆಗೆ ಹಾಕಿದರು.

ಉಸ್ತಾದರಿಗೆ ಅದು ಬರೀ ಪಂದ್ಯವಾಗಿರಲಿಲ್ಲ. ಅರಗಿನ ಹೊಗೆ, ಮರದ ಹುಡಿ ಎದೆಗೆ ಇಳಿದು ಅವರಿಗೆ ಬಿಡದ ಕೆಮ್ಮು ಹಿಡಿದಿತ್ತು. ಈ ಕಸುಬು ಬಿಡು ಎಂದು ಹಕೀಮರು ಹೇಳಿಯಾಗಿತ್ತು. ಮರ್ಯಾದೆಯಿಂದ ಆಡಿ ಬಾ, ಬಂದ ಮಾರನೆಯ ದಿನದಿಂದ ನಮ್ಮ ಮನೆಯಲ್ಲೇ ಇರು, ನನ್ನ ಜೊತೆ ಆಟ, ನನ್ನ ಮಕ್ಕಳಿಗೆ ಪಾಠ, ನಿನ್ನ ಸಂಸಾರ ನನ್ನದು ಎಂದು ಜೋಡಿದಾರರು ಮಾತು ಕೊಟ್ಟರು. ಉಸ್ತಾದ್ ಹೊರಡುವ ಮೊದಲೇ ಮರ ಕಡೆಯುವ ಚಕ್ರ, ಉಳಿಗಳನ್ನೆಲ್ಲ ಬಾವಮೈದನಿಗೆ ಒಪ್ಪಿಸಿಬಿಟ್ಟರು. ಒಸಿ ತಡೀರಿ, ಬಂದ ಮೇಲೆ ಕೊಡಬಹುದು ಎಂದೆ. ಸೋಲುವವನು ತಡೀತಾನೆ ಎಂದರು.

ಮಂಡಪದ ಕ್ಯಾಂಪು

ಬೇಸಗೆ ರಜೆಯಲ್ಲಿ ಹೊರಟೆವು. ರೈಲು ಕ್ಲೋಸ್‌ಪೇಟೆಯ ಬಂಡೆಗಳನ್ನು ದಾಟುವಾಗ ಉಸ್ತಾದ್ ಅವಕ್ಕೆ ಸಲಾಮು ಮಾಡಿದರು. ಈಗ ಆ ಊರನ್ನು ರಾಮನಗರ ಎನ್ನುತ್ತಾರೆ. ಬೆಂಗಳೂರು ಬಿಟ್ಟ ಮೇಲೆ ರೈಲು ಬದಲಿಸುತ್ತ ಬದಲಿಸುತ್ತ ತಮಿಳು ಸೀಮೆಯ ಕೊನೆಗೆ ಬಂದೆವು. ಮರಳು, ಈಚಲ ಗಿಡ, ಉಪ್ಪಿನ ಗಾಳಿ. ಅಲ್ಲಿ, ಮಂಡಪ ಎಂಬ ಊರಿನ ಕ್ಯಾಂಪಿನಲ್ಲಿ, ನಮ್ಮನ್ನು ಇಳಿಸಿಬಿಟ್ಟರು.

ಹಡಗು ಹತ್ತುವ ಮೊದಲು ಎಲ್ಲರೂ ಆ ಕ್ಯಾಂಪಿನಲ್ಲಿ ಇದ್ದು, ರೋಗವಿಲ್ಲವೆಂದು ತೋರಿಸಿಕೊಂಡು ಮುಂದೆ ಹೋಗಬೇಕು. ಚಹಾ ತೋಟದ ಕೂಲಿಗೆ ಹೊರಟ ತಮಿಳು ಜನ ಹಿಂಡುಹಿಂಡಾಗಿ ಕೂತಿದ್ದರು. ಅವರ ಬಟ್ಟೆಗಳನ್ನು ಕಿತ್ತುಕೊಂಡು ಹಬೆಯಲ್ಲಿ ಬೇಯಿಸುತ್ತಿದ್ದರು. ಹೆಂಗಸರು ಒಬ್ಬರ ಹಿಂದೊಬ್ಬರು ಅವಿತುಕೊಂಡು ನಿಂತಿದ್ದರು. ನಮ್ಮಲ್ಲಿ ಪ್ಲೇಗು ಬಂದರೆ ಊರು ಬಿಟ್ಟು ಗುಡಿಸಲು ಹಾಕಿಕೊಂಡು ಇರುತ್ತೇವೆ. ಕಷ್ಟವೇ, ಆದರೆ ನಮ್ಮ ಕಷ್ಟ. ಇಲ್ಲಿ ಜನರನ್ನು ಸಂತೆಯ ದನದಂತೆ ಬಾಯಿ ತೆರೆಸಿ ನೋಡುತ್ತಿದ್ದರು.

ಮೈಸೂರು ಪ್ಲೇಗಿನ ಸೀಮೆ ಎಂದು ನಮ್ಮನ್ನು ತಡೆದ ಡಾಕ್ಟರ್ ನನ್ನ ಇಂಗ್ಲಿಷ್ ಕೇಳಿ, ನೀನು ಹೆಂಚಿನ ಷೆಡ್ಡಿಗೆ ಹೋಗು, ಈತ ಕೂಲಿಗಳ ಕಡೆಗೆ ಎಂದ. ಈತ ನನ್ನ ಅಡುಗೆಯವನು, ನನ್ನ ಜೊತೆಯಲ್ಲೇ ಇರಬೇಕು ಎಂದೆ. ಅವರನ್ನು ಒಳಗೆ ಸೇರಿಸಲು ಬೇರೆ ದಾರಿ ಇರಲಿಲ್ಲ. ಆದರೆ ಆ ಮಾತು ಹೇಳುವಾಗ ನನಗೆ ಹಿತವಾಗಿತ್ತು ಎಂಬುದನ್ನೂ ಬರೆಯಬೇಕು.

ಉಸ್ತಾದ್ ಬಿದ್ದು ಬಿದ್ದು ನಕ್ಕರು. ಅಲ್ಲಿದ್ದಷ್ಟು ದಿನವೂ ನಿಜವಾಗಿಯೇ ಅಡುಗೆ ಮಾಡಿ, “ಧಣಿ, ಎದ್ದೇಳಿ, ಗಂಜಿ ಆರೋಯ್ತದೆ” ಎಂದು ಎಬ್ಬಿಸುತ್ತಿದ್ದರು.

ಹಗಲೆಲ್ಲ ನಾನು ಅವರಿಗೆ ದೊರೆಗಳ ಆಟ ಕಲಿಸಿದೆ. ದೊರೆಗಳಲ್ಲಿ ಕಾಲಾಳು ಮೊದಲ ನಡೆಗೆ ಎರಡು ಮನೆ ಹೋಗಬಹುದು. ರಾಜನೂ ಆನೆಯೂ ಸೇರಿ ಕೋಟೆ ಕಟ್ಟಿಕೊಳ್ಳಬಹುದು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಪುಸ್ತಕದಲ್ಲಿದ್ದ ಭಯಂಕರ ಆರಂಭವೊಂದನ್ನೂ ತೋರಿಸಿದೆ. ಬಿಳಿ ಕಾಯಿಯವನು ತನ್ನ ರಾಜನ ಮುಂದಿನ ಕಾಲಾಳನ್ನು ನುಗ್ಗಿಸಿ, ಅದರ ಪಕ್ಕದ್ದನ್ನು ಬೇಕೆಂದೇ ಬಲಿ ಕೊಡುತ್ತಾನೆ. ಆಮೇಲೆ ಕುದುರೆಯನ್ನೂ ಕೊಟ್ಟುಬಿಡುತ್ತಾನೆ. ಇಷ್ಟೆಲ್ಲ ಕಳೆದುಕೊಂಡದ್ದಕ್ಕೆ ಅವನಿಗೆ ಸಿಗುವುದು ಒಂದೇ, ಎದುರಿನ ರಾಜನ ಮನೆಗೆ ತೆರೆದ ದಾರಿ. ಉಸ್ತಾದ್ ಕಾಯಿಗಳನ್ನು ಬಹಳ ಹೊತ್ತು ನೋಡಿದರು. ಮನೆಗೆ ಬೆಂಕಿ ಹಚ್ಚಿ ಆ ಬೆಳಕಿನಾಗೆ ಕಳ್ಳನ್ನ ಹುಡ್ಕೋ ಆಟ ಇದು ಎಂದರು.

ನಮ್ಮ ಕಡೆಯ ಆಟದಲ್ಲಿ ಒಂದು ಪದ್ಧತಿಯಿದೆ. ಇನ್ನೂ ಶಹಾ ಬೀಳದ, ಅಂದರೆ ಎದುರಾಳಿಯ ಕಾಯಿಯ ಬಾಯಿಗೆ ಒಮ್ಮೆಯೂ ಸಿಗದ ರಾಜ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯಂತೆ ನೆಗೆಯಬಹುದು. ಕೋಟೆ ಕಟ್ಟುವುದು ನಮಗಿಲ್ಲ, ನೆಗೆತವೇ ನಮ್ಮ ಕೋಟೆ. ಅದು ಅವರಲ್ಲಿ ಐತಾ ಎಂದು ಉಸ್ತಾದ್ ಕೇಳಿದರು. ಪುಸ್ತಕದಲ್ಲಿ ಆ ಮಾತೇ ಇರಲಿಲ್ಲ. ಇದೆ ಎಂದೂ ಇಲ್ಲ, ಇಲ್ಲವೆಂದೂ ಇಲ್ಲ. ಅಲ್ಲಿ ಕೇಳಿ ಹೇಳುತ್ತೇನೆ ಎಂದೆ.

ಕಡಲು

ಹಡಗಿನ ದಾರಿ ದೊಡ್ಡದಲ್ಲ. ಆ ಚಿಕ್ಕ ದಾರಿಯಲ್ಲೇ ನನ್ನ ಕರುಳು ಬಾಯಿಗೆ ಬಂದಿತ್ತು. ಉಸ್ತಾದ್ ನನ್ನ ಹಣೆ ಹಿಡಿದುಕೊಂಡು, “ನಿಮ್ಮ ರಾಮದೇವ್ರು ಸೇತುವೆ ಕಟ್ಕೊಂಡು ಯಾಕೆ ನಡ್ದ ಅಂತ ಈಗ ಗೊತ್ತಾಯ್ತು ಮೇಷ್ಟ್ರೇ” ಎಂದರು. ಆಮೇಲೆ ನನ್ನ ಧೋತರದ ಅಂಚನ್ನು ತಾವೇ ತೊಳೆದರು. ಇದನ್ನು ಹುಡುಗರಿಗೆ ಹೇಳುವಾಗ ವಾಂತಿ ಮಾಡಿದವರು ಅವರು ಎಂದು ಬದಲಿಸಿ ಹೇಳುತ್ತಿದ್ದೆ.

ಕೊಲಂಬೊ

ಎಲ್ಲಿ ನೋಡಿದರೂ ಹಸಿರು. ನಮ್ಮ ಕಣ್ಣಿಗೆ ಅದು ಅತಿಯಾಯಿತು. ಮಾಗಡಿಯ ಬಯಲಲ್ಲಿ ಬೆಳೆದವನಿಗೆ ನೆಲ ಕಾಣದಿದ್ದರೆ ಉಸಿರು ಕಟ್ಟುತ್ತದೆ. ಅನ್ನ ಕೆಂಪು, ಸಾರಿಗೆ ತೆಂಗಿನ ಹಾಲು, ಪಲ್ಯಕ್ಕೆ ತೆಂಗಿನ ಹಾಲು, ಅಪ್ಪಕ್ಕೂ ಅದೇ. ಮುದ್ದೆ ಸಿಕ್ಕದೆ ಇಬ್ಬರ ಹೊಟ್ಟೆಯೂ ಮುನಿಸಿಕೊಂಡಿತು. ಕಾನಕಾನಹಳ್ಳಿ ಸಂತೆಯಲ್ಲಿ ಕುಳಿತು ಉಣ್ಣುವ ಹುರುಳಿಕಾಳಿನ ಸಾರನ್ನು ನೆನೆದು ಮಾತಾಡುತ್ತ ಊಟ ಮುಗಿಸುತ್ತಿದ್ದೆವು. ಗಂಡಸರು ಕೂದಲು ಗಂಟು ಹಾಕಿ, ಆಮೆಯ ಚಿಪ್ಪಿನ ಬಾಚಣಿಗೆಯನ್ನು ಕಿರೀಟದ ಹಾಗೆ ಸಿಕ್ಕಿಸಿಕೊಂಡು ಗಂಭೀರವಾಗಿ ನಡೆಯುತ್ತಿದ್ದರು. ಉಸ್ತಾದರಿಗೆ ಆ ಬಾಚಣಿಗೆಯ ಕೆಲಸ ಬಹಳ ಹಿಡಿಸಿತು. ಒಬ್ಬ ಮುದುಕನನ್ನು ರಸ್ತೆಯಲ್ಲೇ ನಿಲ್ಲಿಸಿ, ಕೈಸನ್ನೆಯಲ್ಲಿ ಬೇಡಿ, ತೆಗೆಸಿಕೊಂಡು, ಅಂಚು ಸವರಿ ನೋಡಿ ವಾಪಸು ಕೊಟ್ಟರು. ಆ ಮುದುಕ ಸಿಟ್ಟಾಗದೆ ನಕ್ಕು ಹೋದ.

ಕ್ಲಬ್ಬು ಸಮುದ್ರದ ದಂಡೆಯಲ್ಲಿತ್ತು. ಮೊದಲ ದಿನ ಹೆಸರು ಬರೆಸಲು ಹೋದಾಗ ಪಂದ್ಯ ನಡೆಸುತ್ತಿದ್ದ ಹಿರಿಯ ದೊರೆಯನ್ನು ನಾನು ಆ ನೆಗೆತದ ವಿಷಯ ಕೇಳಿದೆ. ಆತ ನಕ್ಕು, ಇಲ್ಲಿ ರಾಜರು ನೆಗೆಯುವುದಿಲ್ಲ, ನಿನ್ನ ಸ್ನೇಹಿತನಿಗೆ ಸರಿಯಾಗಿ ತಿಳಿಸು ಎಂದ. ತಿಳಿಸುತ್ತೇನೆ ಎಂದೆ. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಉಸ್ತಾದ್ ಹೊರಗೆ ಕಾಯುತ್ತಿದ್ದರು. ನಾನು ಬಂದಾಗ ಬಾಗಿಲ ಬಳಿ ಹಿಂದೂಸ್ತಾನಿ ಬಲ್ಲ ಒಬ್ಬ ಬಟ್ಲರ್ ನಿಂತಿದ್ದ. ಉಸ್ತಾದರ ಟೋಪಿ, ಅತ್ತರು ನೋಡಿ ಬಾಗಿ ಸಲಾಮು ಮಾಡಿ, ಜೊತೆಗಿರುವ ಇವರು ಯಾರು ಎಂದು ಕೇಳಿದ. “ನಮ್ಮ ನೌಕರ” ಎಂದರು ಉಸ್ತಾದ್, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ. ಬಟ್ಲರ್ ನನ್ನನ್ನು ತೋರಿಸಿ ಒಳಗಿನವರಿಗೆ ಏನೋ ಹೇಳಿದ. ಮಾರನೆಯ ದಿನದಿಂದ ನನಗೆ ಒಳಗೆ ಕುರ್ಚಿ ಇಲ್ಲ. ಜಗಲಿಯಲ್ಲಿ, ದೊರೆಗಳ ಕೊಡೆ ಕಾಯುವವರ ಸಾಲಿನಲ್ಲಿ ಜಾಗ.

ದಾರಿಯಲ್ಲಿ ಉಸ್ತಾದ್ ನನ್ನ ಬೆನ್ನು ತಟ್ಟಿ, ಕ್ಯಾಂಪಿನಾಗೆ ನೀವು ನನ್ನನ್ನ ಅಡುಗೆಯವ್ನ ಮಾಡಿದ್ರಿ, ಇಲ್ಲಿ ನಾನು ನಿಮ್ಮನ್ನ ಆಳು ಮಾಡ್ದೆ, ಸರಿಹೋಯ್ತು ಎಂದರು. ಅವರಿಗೆ ಅದು ಅಲ್ಲಿಗೆ ಮುಗಿಯಿತು. ಇಲ್ಲಿ ನೆಗೆತವಿಲ್ಲ ಎಂದು ನಾನು ಹೇಳಬೇಕಾಗಿದ್ದ ಮಾತನ್ನು ಹೇಳಲಿಲ್ಲ.

ಜಗಲಿ

ಎರಡು ದಿನ ಆ ಜಗಲಿಯಿಂದ ಕಿಟಕಿಯ ಮೂಲಕ ನೋಡಿದೆ. ಉಸ್ತಾದ್ ಎರಡು ಆಟಗಳನ್ನೂ ಗೆದ್ದರು. ನಾನು ಕಲಿಸಿದ ಕೋಟೆಯನ್ನು ಕಟ್ಟಿ ಗೆದ್ದರು. ನೆಗೆತದ ಅಗತ್ಯವೇ ಬೀಳಲಿಲ್ಲ. ದೊರೆಗಳು ಎದ್ದು ಕೈ ಕುಲುಕಿದರು. ಕೊಡೆ ಕಾಯುತ್ತಿದ್ದ ಒಬ್ಬ ತಮಿಳಿನವನು, ನಿನ್ನ ಯಜಮಾನ ದೊಡ್ಡ ಆಸಾಮಿ ಎಂದು ನನಗೆ ಒಂದು ಬೀಡಿ ಕೊಟ್ಟ. ನಾನು ಅದನ್ನು ಸಮುದ್ರದ ಕಡೆಗೆ ಎಸೆದೆ.

ಮೂರನೆಯದು ಕೊನೆಯ ಆಟ. ಎದುರಾಳಿ ಚಹಾ ತೋಟದ ಒಬ್ಬ ದೊರೆ, ಕೆಂಪು ಕತ್ತಿನವನು, ಬಿಳಿ ಕಾಯಿ ಅವನದು. ಬೆಳಿಗ್ಗೆ ದಂಡೆಯ ಮೇಲೆ ನಡೆದುಕೊಂಡು ಹೋಗುವಾಗ ಉಸ್ತಾದ್ ಕೆಮ್ಮು ನಿಲ್ಲಲೆಂದು ಸ್ವಲ್ಪ ನಿಂತರು.

“ಮೇಷ್ಟ್ರೇ, ರಾಜನ ನೆಗೆತ ಐತಾ ಇಲ್ವಾ? ಕೇಳಿದ್ರಾ?”

“ಕೇಳ್ದೆ. ಐತೆ.”

ಇಷ್ಟೇ. ಅವರು ತಲೆಯಾಡಿಸಿ ಮುಂದೆ ನಡೆದರು. ನಾನು ಏನನ್ನು ಬಯಸಿ ಹಾಗೆಂದೆ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಒಂದು ಸಣ್ಣ ನಗೆಪಾಟಲು, ಅಷ್ಟೇ ಬಯಸಿದ್ದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಅವರು ಸೋಲಬೇಕೆಂದು ಬಯಸಿದ್ದೆ. ಚಕ್ರವನ್ನು ಬಾವಮೈದನಿಗೆ ಕೊಟ್ಟು ಬಂದಿದ್ದಾರೆಂದು ಗೊತ್ತಿದ್ದೂ ಬಯಸಿದ್ದೆ.

ಮೂರನೆಯ ಆಟ

ದೊರೆ ಅದೇ ಬೆಂಕಿಯ ಆರಂಭವನ್ನು ತೆಗೆದ. ಕಾಲಾಳು ಕೊಟ್ಟ. ಕುದುರೆಯನ್ನೂ ಕೊಟ್ಟ. ಕೋಟೆ ಕಟ್ಟಿ ಆನೆಗೆ ದಾರಿ ತೆರೆದ. ಉಸ್ತಾದ್ ಕೊಟ್ಟದ್ದನ್ನೆಲ್ಲ ನಿಧಾನವಾಗಿ ತಿಂದರು. ಕ್ಯಾಂಪಿನ ಮರಳಿನ ಮೇಲೆ ನಾವಿಬ್ಬರೂ ನೂರು ಸಲ ಆಡಿದ ದಾರಿ ಅದು. ಅವರ ಬಳಿ ಒಂದು ಕುದುರೆ ಹೆಚ್ಚಿಗೆ ಇತ್ತು. ದೊರೆಯ ಆನೆ, ಒಂಟೆ, ಮಂತ್ರಿ ಮೂರೂ ಅವರ ರಾಜನ ಕಡೆ ಮುಖ ಮಾಡಿದ್ದವು. ಇನ್ನೂ ಶಹಾ ಬಿದ್ದಿರಲಿಲ್ಲ. ಅವರು ಎದುರಾಳಿಯ ಮಂತ್ರಿಗೆ ಮಂತ್ರಿ ಅಡ್ಡ ಇಟ್ಟಿದ್ದರೆ ಸಾಕಾಗಿತ್ತು. ದೊರೆಯ ದಾಳಿ ನಿಲ್ಲುತ್ತಿತ್ತು, ಬಹುಶಃ ಗೆಲ್ಲುತ್ತಲೂ ಇದ್ದರು. ಕಿಟಕಿಯಲ್ಲಿ ನನಗೇ ಅದು ಕಾಣುತ್ತಿತ್ತು. ಆದರೆ ನೆಗೆತ ಇದೆಯೆಂದು ನಂಬಿದವನಿಗೆ ಅದಕ್ಕಿಂತ ಚೆಂದದ ನಡೆ ಇತ್ತು. ರಾಜ ಒಂದೇ ಸಲಕ್ಕೆ ಆಚೆಯ ಕಾಲಾಳುಗಳ ಮರೆಗೆ ಹಾರಿದರೆ ದೊರೆಯ ಬೆಂಕಿಯೆಲ್ಲ ಖಾಲಿ ಮನೆಗೆ.

ಉಸ್ತಾದ್ ರಾಜನನ್ನು ಎತ್ತಿದರು. ನೆಗೆಸಿ ಇಟ್ಟರು. ಇಟ್ಟು, ಕಿಟಕಿಯ ಕಡೆ, ನನ್ನ ಕಡೆ, ನೋಡಿ ಹುಬ್ಬು ಹಾರಿಸಿದರು.

ದೊರೆ ಮೊದಲು ನಕ್ಕ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಪಕ್ಕದ ಮೇಜುಗಳಿಂದ ಜನ ಬಂದರು. ಮೋಸ ಎಂಬ ಅರ್ಥದ ಇಂಗ್ಲಿಷ್ ಮಾತು ಎರಡು ಮೂರು ಬಾಯಿಂದ ಬಂತು. ಹಿರಿಯ ದೊರೆ ನನ್ನನ್ನು ಜಗಲಿಯಿಂದ ಒಳಗೆ ಕರೆಸಿದ. ನಿಯಮ ಗೊತ್ತಿದ್ದೇ ಹೀಗೆ ಮಾಡಿದನೇ ಎಂದು ಕೇಳು ಎಂದ. ನನ್ನನ್ನೇ ದಿಟ್ಟಿಸುತ್ತಿದ್ದ, ನನಗೆ ತಿಳಿಸಿದ್ದವನು ಅವನೇ.

ಉಸ್ತಾದರಿಗೆ ಇಂಗ್ಲಿಷ್ ಬಾರದು. ಅವರು ನನ್ನ ತೋಳು ಹಿಡಿದುಕೊಂಡರು. “ನೀವೇ ಐತೆ ಅಂದ್ರಲ್ಲ ಮೇಷ್ಟ್ರೇ. ಅದ್ನೇ ಹೇಳಿ ಅವ್ರಿಗೆ.”

ನಾನು ಇಂಗ್ಲಿಷಿನಲ್ಲಿ, ಇವರಿಗೆ ನಿಯಮ ತಿಳಿಸಿದ್ದೆ, ಮರೆತೆ ಎನ್ನುತ್ತಿದ್ದಾರೆ ಎಂದೆ.

ಯಾರೋ ಸಿಳ್ಳು ಹಾಕಿದರು. ಮುಟ್ಟಿದ ಕಾಯಿ ನಡೆಯಲೇಬೇಕು, ರಾಜನನ್ನು ಸ್ವಂತ ಮನೆಗೆ ಇಟ್ಟು ಅಲ್ಲಿಂದ ಒಂದು ಹೆಜ್ಜೆ ನಡೆಸು ಎಂದು ಹಿರಿಯ ದೊರೆ ತೀರ್ಪು ಕೊಟ್ಟ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅದೊಂದನ್ನು ಸರಿಯಾಗಿಯೇ ಹೇಳಿದೆ. ರಾಜನಿಗೆ ಹೋಗಲು ಎಡಕ್ಕೊಂದು, ಬಲಕ್ಕೊಂದು ಮನೆ ಇತ್ತು. ಉಸ್ತಾದ್ ಬಹಳ ಹೊತ್ತು ಕೂತು ಎಡಕ್ಕೆ ನಡೆಸಿದರು. ಆಮೇಲೆ ಆಟ ಹೆಚ್ಚು ಹೊತ್ತು ಉಳಿಯಲಿಲ್ಲ. ಅವರು ಎದ್ದು ಕೈ ಚಾಚಿದರು. ದೊರೆ ತನ್ನ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡ.

ಹಿಂದಿರುಗಿ, ಮಾಗಡಿ ದಾರಿ

ಹಡಗಿನಲ್ಲಿ ಒಂದೇ ಸಲ ಕೇಳಿದರು, ಅವರಿಗೆ ಏನಂದ್ರಿ ಎಂದು. ನೀವು ಹೇಳಿದ್ದನ್ನೇ ಎಂದೆ. ಈ ಸಲ ನನಗೆ ವಾಂತಿ ಬರಲಿಲ್ಲ.

ಜೋಡಿದಾರರ ಮನೆಗೆ ಗಾಡಿಯಲ್ಲಿ ಹೋಗುವಷ್ಟರಲ್ಲಿ ಚೆಟ್ಟಿಯಾರರ ಕಡೆಯಿಂದ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ನಿಮ್ಮವನು ಮೋಸದ ನಡೆ ನಡೆಸಿ ಸಿಕ್ಕಿಬಿದ್ದ, ಚೆಟ್ಟಿಯಾರರು ಇನ್ನು ಆ ಕ್ಲಬ್ಬಿನಲ್ಲಿ ತಲೆ ಎತ್ತುವ ಹಾಗಿಲ್ಲ ಎಂದು. ಜೋಡಿದಾರರು ನಮ್ಮನ್ನು ಕೂರಲು ಹೇಳಲಿಲ್ಲ.

“ಏನಯ್ಯಾ ಮೇಷ್ಟ್ರೇ, ನಿಯಮ ಇವನಿಗೆ ಹೇಳಿದ್ದೆಯೋ ಇಲ್ಲವೋ? ಹೇಳಿದ್ದರೆ ಇವನು ಮೋಸಗಾರ. ಹೇಳಿರದಿದ್ದರೆ ನಿನಗೆ ಇಂಗ್ಲಿಷ್ ಓದಿಸಿದ್ದು ನನ್ನ ಬುದ್ಧಿಗೇಡು. ನಾಳೆಯಿಂದ ಸ್ಕೂಲಿನ ಕಡೆ ಸುಳಿಯಬೇಡ, ಹೋಗಿ ಕುರಿ ಕಾಯಿ.”

ಇಲ್ಲಿ ಇಂಗ್ಲಿಷಿನ ಮರೆ ಇರಲಿಲ್ಲ. ಎಲ್ಲರಿಗೂ ಕನ್ನಡ ಬರುತ್ತಿತ್ತು. ನಾನು ನೆಲ ನೋಡುತ್ತ ನಿಂತೆ. ನನ್ನ ಹೆಂಡತಿ ಆಗ ಬಸುರಿ. ಉಸ್ತಾದ್ ನನ್ನನ್ನು ನೋಡುತ್ತಿದ್ದಾರೆಂದು ನೋಡದೆಯೇ ಗೊತ್ತಾಗುತ್ತಿತ್ತು.

“ಹೇಳಿದ್ರು ಬುದ್ಧಿ” ಎಂದರು ಉಸ್ತಾದ್. “ಮೇಷ್ಟ್ರು ಸರಿಯಾಗೇ ಹೇಳಿದ್ರು. ಆಟದ ಬಿಸಿನಾಗೆ ನಾನೇ ಮರ್ತ್ಬುಟ್ಟೆ.”

ಜೋಡಿದಾರರು ಒಳಗೆ ಎದ್ದುಹೋದರು. ಕೊಟ್ಟ ಮಾತಿನ ಪ್ರಸ್ತಾಪ ಮತ್ತೆ ಬರಲಿಲ್ಲ.

ಗಾಡಿ ಮಾಗಡಿಯ ತೆಂಗಿನ ತೋಪುಗಳನ್ನು ದಾಟಿದ ಮೇಲೆ ಉಸ್ತಾದ್ ಬಾಯಿ ಬಿಟ್ಟರು. ಮುಗಿಯಬೇಕೆಂದು ನಾನು ಕೈ ಎತ್ತಿದ್ದೆ.

“ಬುಡಿ ಮೇಷ್ಟ್ರೇ. ಆ ಕಿತಾಬ್ನ ಇನ್ನೊಂದ್ಸಲ ಒಸಿ ಗಟ್ಟಿಯಾಗಿ ಓದ್ಕೊಳ್ಳಿ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂದ್ಬುಡಿ, ಅದ್ರಾಗೆ ನಾಚ್ಕೆ ಏನೈತೆ?”

ಆಗ ನನಗೆ ತಿಳಿಯಿತು. ನನಗೆ ನಿಯಮ ಗೊತ್ತಿರಲಿಲ್ಲ, ದೊರೆಯನ್ನು ಕೇಳಲು ನಾಚಿ, ಕೇಳಿದೆನೆಂದು ಸುಳ್ಳು ಹೇಳಿದೆ ಎಂದು ಅವರು ಎಣಿಸಿದ್ದರು. ನನ್ನನ್ನು ದಡ್ಡ ಎಂದು ತಿಳಿದು ಕಾಪಾಡಿದ್ದರು. ನೀಚ ಎಂಬ ಅನುಮಾನ ಅವರಿಗೆ ಬಂದಿರಲಿಲ್ಲ. ಎತ್ತಿದ ಕೈಯನ್ನು ಇಳಿಸಿದೆ. ದಡ್ಡನಾಗಿ ಉಳಿಯುವುದು ನನಗೆ ಸುಲಭವಾಗಿ ಕಂಡಿತು.

ಚನ್ನಪಟ್ಟಣ, ಆಮೇಲೆ

ಅವರು ಬಾವಮೈದನ ಅಂಗಡಿಯಲ್ಲಿ, ತಮ್ಮದೇ ಚಕ್ರದ ಮುಂದೆ, ಆಳಾಗಿ ಕೂತರು. ಮತ್ತೆ ಅರಗು, ಮತ್ತೆ ಹುಡಿ. ಸಿಂಹಳದ ಸುದ್ದಿ ಊರಿಗೆ ಬಂದಿತ್ತು. ಚದುರಂಗ ಹಾಕಿದ ಜಗಲಿಗಳ ಮುಂದೆ ಅವರು ಹಾದುಹೋದರೆ ಹಿಂದಿನಿಂದ ಯಾರಾದರೂ, ಉಸ್ತಾದ್, ಒಂದ್ಸಲ ನೆಗೀರಿ ಎನ್ನುತ್ತಿದ್ದರು. ಮೊದಲಾಗಿದ್ದರೆ ಅಂಥವನ ಮೂರು ತಲೆಮಾರನ್ನು ಬೀದಿಗೆಳೆಯುತ್ತಿದ್ದ ಮನುಷ್ಯ. ಈಗ ತಿರುಗಿಯೂ ನೋಡುತ್ತಿರಲಿಲ್ಲ. ಆಡಲು ಕಾಯಿ ಮುಟ್ಟುವುದನ್ನು ಬಿಟ್ಟುಬಿಟ್ಟರು. ನಾನು ಹೆಡ್‌ಮೇಷ್ಟ್ರಾದೆ.

ಹಾಸಿಗೆ ಹಿಡಿದ ಮೇಲೆ ನೋಡಲು ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಅವರ ಹೆಂಡತಿ ಪರದೆಯ ಆಚೆಯಿಂದ ಚಹಾ ಇಟ್ಟರು. ಉಸ್ತಾದ್ ಗೋಡೆಗೆ ಒರಗಿ ಕೂತು, ಉಸಿರು ಸಿಕ್ಕಿದಾಗ ಮಾತಾಡಿದರು.

“ಮೇಷ್ಟ್ರೇ, ಒಂದು ಮಾತು. ಅವತ್ತು ರಾಜನ್ನ ಬಲಕ್ಕೆ ನಡೆಸಿದ್ರೆ ಉಳೀತಿದ್ನಾ? ದಿನಾ ಮನಸ್ನಾಗೇ ಆಡಿ ನೋಡ್ತೀನಿ. ತಪ್ಪು ಮನೆಗೆ ಹೋದೆ ಅನ್ಸ್ತದೆ.”

ಇಷ್ಟು ವರ್ಷ ಅವರು ತಮ್ಮ ತಪ್ಪನ್ನೇ ಹುಡುಕುತ್ತಿದ್ದರು.

“ಎರಡೂ ಮನೆ ಒಂದೇ ಉಸ್ತಾದ್” ಎಂದೆ. “ಬಲಕ್ಕೆ ಹೋಗಿದ್ರೂ ಉಳೀತಿರ್ಲಿಲ್ಲ.”

ಅದು ನಿಜವಾಗಿತ್ತು. ನಾನೂ ಎಷ್ಟೋ ಸಲ ಕಾಯಿ ಹೂಡಿ ನೋಡಿದ್ದೆ. ಅವರು ಕಣ್ಣು ಮುಚ್ಚಿಕೊಂಡು, ಹಂಗಾದ್ರೆ ಸರಿ ಎಂದರು. ಅವರ ಮುಖದಲ್ಲಿ ಭಾರ ಇಳಿದದ್ದು ಕಂಡಿತು. ಉಳಿದ ಮಾತು ನನ್ನ ಬಾಯಲ್ಲೇ ಇತ್ತು. ಚಹಾ ಕುಡಿದು ಎದ್ದುಬಂದೆ.

ಅವರನ್ನು ಮಣ್ಣಿಗೆ ಒಯ್ಯುವ ದಿನ ನಾನು ಹಿಂದೆ ನಡೆಯುತ್ತಿದ್ದೆ. ಬಾವಮೈದ ನನ್ನನ್ನು ಕಂಡು, ಇವರು ಉಸ್ತಾದರ ಜೊತೆ ಸಿಂಹಳಕ್ಕೆ ಹೋಗಿದ್ದವರು, ಜಾಗ ಬಿಡಿ ಎಂದು ಮುಂದೆ ಕರೆದು ಹೆಗಲು ಕೊಡಿಸಿದ. ಕೊಟ್ಟೆ.

ಅವರು ಮೋಸಗಾರರಾಗಿರಲಿಲ್ಲ. ಮರೆತವರೂ ಅಲ್ಲ. ಇದನ್ನು ಓದುವವರಲ್ಲಿ ಚನ್ನಪಟ್ಟಣದವರು ಯಾರಾದರೂ ಇದ್ದರೆ ತಿಳಿದಿರಲಿ. ನಾನು ಕ್ಷಮೆ ಕೇಳದೆ ಹೋದದ್ದು ಉಸ್ತಾದ್ ಸೈಯದ್ ಗೌಸ್ ಪೀರ್ ಅವರನ್ನು.